ಅಡ್ಡಹೆಸರಿಲ್ಲದ ಜೈತೂನಬಿ

ಬ್ಯಾಡಗಿಯ ಒಂದು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಜೈತೂನಬಿಗೆ ಐವತ್ತೈದು ವರ್ಷದ ತನಕ ಒಂದೇ ಹೆಸರು ಸಾಕಾಗಿತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಜೈತೂನಬಿ, ಮಹಿಳಾ ಸಂಘದ ಪುಸ್ತಕದಲ್ಲಿ ಜೈತೂನಬಿ, ಆಧಾರ್ ಕಾರ್ಡಿನಲ್ಲೂ ಜೈತೂನಬಿ. ತಟ್ಟೆ ಹಿಡಿದು ಸಾಲು ನಿಲ್ಲುವ ಮಕ್ಕಳಿಗೆ ಅದೂ ಬೇಕಿರಲಿಲ್ಲ. "ಅಡಗಿ ಅಮ್ಮಾ" ಅಂದರೆ ಮುಗಿಯಿತು.

ಆಧಾರ್ ಮಾಡಿಸುವ ದಿನ ಕಂಪ್ಯೂಟರಿನ ಮುಂದೆ ಕೂತವನು ಗಂಡನ ಹೆಸರು ಕೇಳಿದ್ದ. "ನನ್ನ ಹೆಸರಷ್ಟ ಬರಕೊಳ್ರಿ" ಅಂದಿದ್ದಳು. ಗಂಡ ಇಸಾಕಸಾಬ ಹಲಗೇರಿ, ಮಗಳು ತರನ್ನುಮ ನಾಲ್ಕು ವರ್ಷದವಳಿದ್ದಾಗ ಟೆಂಪೋ ಹೊಡೆಯಲು ರಾಣೆಬೆನ್ನೂರಿಗೆ ಹೋದವನು, ಅಲ್ಲೇ ಇನ್ನೊಂದು ಮದುವೆ ಮಾಡಿಕೊಂಡು ಉಳಿದುಬಿಟ್ಟಿದ್ದ. ತಲಾಖ್ ಕೊಡಲಿಲ್ಲ, ತಿರುಗಿ ಬರಲೂ ಇಲ್ಲ. ಜೈತೂನಬಿ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋದಳು. ಸಂಜೆ ಉರಿಯುವ ಕೈಯಿಂದ ಮಗಳ ತಲೆ ಬಾಚಲು ಆಗದೆ ಪಕ್ಕದ ಮನೆಯವರಿಂದ ಬಾಚಿಸುತ್ತಿದ್ದಳು. ಕೆಲವು ವರ್ಷದ ಮೇಲೆ ಶಾಲೆಯ ಅಡುಗೆಮನೆ ಸಿಕ್ಕಿತು. ಮಗಳನ್ನು ಪಿಯುಸಿ ಓದಿಸಿ, ಶಾರ್ಜಾದಲ್ಲಿ ಎ.ಸಿ. ರಿಪೇರಿ ಮಾಡುವ ಸವಣೂರಿನ ಹುಡುಗನಿಗೆ ಕೊಟ್ಟಳು. ಮದುವೆಯಾದ ವರ್ಷವೇ ತರನ್ನುಮ ಹಟ ಹಿಡಿದು ತಾಯಿಗೂ ಒಂದು ಪಾಸ್‌ಪೋರ್ಟ್ ಮಾಡಿಸಿದಳು. ಅದು ನಾಲ್ಕು ವರ್ಷ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಸುಮ್ಮನೆ ಮಲಗಿತ್ತು.

೨೦೨೩ರ ದಸರೆ ರಜೆಯ ಹೊತ್ತಿಗೆ ಅದನ್ನು ಹೊರಗೆ ತೆಗೆಯಬೇಕಾಯಿತು. ತರನ್ನುಮ ಬಸುರಿ. ಹಿಂದೆ ಎರಡು ಸಲ ನಿಲ್ಲದ ಬಸಿರು ಈ ಸಲ ಏಳು ತಿಂಗಳು ದಾಟಿತ್ತು. ಆದರೆ ಹೊಟ್ಟೆಯಲ್ಲಿ ನೀರು ಕಡಿಮೆ, ಎದ್ದು ಓಡಾಡಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಅಳಿಯ ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿಯೇ ಬರುವುದು. "ಅಮ್ಮಾ, ಒಂದ ಗ್ಲಾಸ್ ನೀರ ಕೊಡವರಿಲ್ಲ ಇಲ್ಲಿ. ನೀ ಲಗೂ ಬಾ" ಎಂದು ಮಗಳು ಫೋನಿನಲ್ಲಿ ಅತ್ತಳು.

ಅಳಿಯನ ಗುರುತಿನ ಏಜೆಂಟನೊಬ್ಬ ಎರಡು ತಿಂಗಳ ವಿಸಿಟ್ ವೀಸಾ ತೆಗೆಸಿ ಕಳಿಸಿದ. ಜೈತೂನಬಿ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿದಳು, ಖಾರದಪುಡಿ ಕುಟ್ಟಿಸಿದಳು, ಹಳೆಯ ನೂಲಿನ ಸೀರೆ ಹರಿದು ಕೂಸಿಗೆ ಮೆತ್ತನೆಯ ಕೌದಿ ಹೊಲಿದಳು. ಓಣಿಯ ಹೆಂಗಸರೆಲ್ಲ ಬಂದು ಹೂ ಮುಡಿಸಿ ಕಳಿಸಿಕೊಟ್ಟರು. ಅಣ್ಣ ಮುನಾಫ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲ ತನಕ ಬಂದ. ರಾಣೆಬೆನ್ನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವನೂ ವಿಮಾನ ನಿಲ್ದಾಣ ನೋಡಿದ್ದು ಅದೇ ಮೊದಲು. ಟಿಕೀಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ತಿಳಿದು, ಗಾಜಿನ ಆಚೆ ನಿಂತು ಕೈ ಮಾಡಿದ.

ಒಳಗೆ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ವೀಸಾ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಅಮ್ಮಾ, ನಿಮ್ಮ ಪೂರ್ತಿ ಹೆಸರೇನು?"

"ಜೈತೂನಬಿ."

"ಅದರ ಮುಂದೆ?"

"ಮುಂದ ಏನೂ ಇಲ್ರಿ. ಅಷ್ಟ."

ಹುಡುಗಿ ದೊಡ್ಡವರೊಬ್ಬರನ್ನು ಕರೆದಳು. ಅವರು ಸಮಾಧಾನದಿಂದಲೇ ಹೇಳಿದರು. ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡು ಜಾಗ ಇರುತ್ತವೆ, ಒಂದು ಹೆಸರಿಗೆ, ಇನ್ನೊಂದು ಅಡ್ಡಹೆಸರಿಗೆ. ನಿಮ್ಮದರಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಒಂದೇ ಹೆಸರಿನವರನ್ನು ವಿಸಿಟ್ ವೀಸಾದ ಮೇಲೆ ಆ ದೇಶದವರು ಒಳಗೆ ಬಿಡುವುದಿಲ್ಲ. ಏಜೆಂಟ್ ವೀಸಾದಲ್ಲಿ 'ಜೈತೂನಬಿ ಜೈತೂನಬಿ' ಎಂದು ಎರಡು ಸಲ ಬರೆದು ಜಾಗ ತುಂಬಿಸಿದ್ದಾನೆ. ಅದು ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ. ಕಳಿಸಿದರೂ ಅಲ್ಲಿಂದ ತಿರುಗಿ ಕಳಿಸುತ್ತಾರೆ.

"ನನ್ನ ಮಗಳು ಬಸುರಿ ಅದಾಳ್ರಿ" ಅಂದಳು ಜೈತೂನಬಿ. ಅವರು ನೀರಿನ ಬಾಟಲಿ ತಂದುಕೊಟ್ಟರು. ಹಿಂದಿನವರು ತಮ್ಮ ಸೂಟ್‌ಕೇಸುಗಳನ್ನು ಮುಂದೆ ಸರಿಸಿದರು.

ಹೊರಗೆ ಮುನಾಫ ಇನ್ನೂ ಗಾಜಿನ ಹತ್ತಿರವೇ ಇದ್ದ. ತಂಗಿ ಸಾಮಾನಿನ ಗಾಡಿ ನೂಕಿಕೊಂಡು ತಿರುಗಿ ಬರುವುದನ್ನು ಕಂಡು ಓಡಿ ಬಂದ. "ಬ್ಯಾಡಗಿಗೆ ಬ್ಯಾಡ ಅಣ್ಣಾ" ಅಂದಳು. "ಓಣಿಗೆ ಓಣಿನೇ ಕಳಿಸಿ ಕೊಟ್ಟೈತಿ. ಯಾವ ಮಾರಿ ತೋರಿಸಲಿ? ನಿನ್ನ ಮನಿಗೆ ಕರಕೊಂಡ ಹೋಗು."

ಹೀಗೆ ಆಕೆ ಊರಿನವರ ಲೆಕ್ಕದಲ್ಲಿ ಶಾರ್ಜಾದಲ್ಲಿದ್ದು, ರಾಣೆಬೆನ್ನೂರಿನಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಅಂಗಳಕ್ಕೂ ಬರುತ್ತಿರಲಿಲ್ಲ. ಇಸಾಕಸಾಬ ಇರುವುದು ಅದೇ ಊರಿನಲ್ಲಿ ಎನ್ನುವುದು ಒಂದು ಭಯ, ಬ್ಯಾಡಗಿಯ ಯಾರಾದರೂ ಸಂತೆಗೆ ಬಂದು ನೋಡಿಯಾರು ಎನ್ನುವುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಫೋನಿನ ಭಯ. ಹೆಸರಿನ ತೊಂದರೆ, ತಿದ್ದಿಸಿ ಬರುತ್ತೇನೆ ಎಂದಷ್ಟೇ ಮಗಳಿಗೆ ಹೇಳಿದ್ದಳು. ಅವಳ ಫೋನು ಬಂದಾಗಲೆಲ್ಲ ಬಸಿರಿಗೆ ಏನಾಯಿತೋ ಎಂದುಕೊಂಡೇ ಎತ್ತುತ್ತಿದ್ದಳು.

ಮೂರನೆಯ ದಿನ ಮುನಾಫ ಹಾವೇರಿಯಲ್ಲಿ ಅರುಣಾ ಎಂಬ ವಕೀಲರ ಹತ್ತಿರ ಕರೆದುಕೊಂಡು ಹೋದ. ಕೋರ್ಟಿನ ಎದುರಿನ ಸಣ್ಣ ಆಫೀಸು. ಅರುಣಾ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿದರು.

"ಬರ್ರಿ ಅಮ್ಮಾರ, ಕುಂದ್ರಿ. ಅಂಜಬ್ಯಾಡ್ರಿ, ಇದು ನಿಮ್ಮ ಒಬ್ಬರದ ಅಲ್ಲ. ಒಂದ ಅಡ್ಡಹೆಸರ ಸೇರಿಸಿ ಹೊಸಾ ಪಾಸ್‌ಪೋರ್ಟ್ ತಗೋಬೇಕು. ಏನ ಐತಿ ನಿಮ್ಮ ಅಡ್ಡಹೆಸರು?"

ಜೈತೂನಬಿ ಅಣ್ಣನ ಮುಖ ನೋಡಿದಳು, ಅಣ್ಣ ತಂಗಿಯ ಮುಖ ನೋಡಿದ.

ನಮ್ಮ ಕಡೆ ಅಡ್ಡಹೆಸರು ರಕ್ತದಿಂದ ಬರುವುದಕ್ಕಿಂತ ಊರಿನ ಬಾಯಿಂದ ಬರುವುದೇ ಹೆಚ್ಚು. ಮಾಡುವ ಕಸುಬು, ಬಿಟ್ಟುಬಂದ ಊರು, ಮನೆಯ ಮುಂದಿನ ಗಿಡ, ಯಾವುದೂ ಆದೀತು. ಗಂಡಸರ ಕಾಗದಕ್ಕೆ ಅದು ಹೇಗೋ ಸೇರಿಕೊಳ್ಳುತ್ತದೆ. ಹೆಂಗಸರದಕ್ಕೆ ಸೇರಿದರೆ ಸೇರಿತು. ಇವರ ಅಪ್ಪ ನಬಿಸಾಬ ಕರ್ಜಗಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಊರವರಿಗೆ ಗಾದಿ ನಬಿಸಾಬ. ಮುನಾಫ ರಾಣೆಬೆನ್ನೂರಿಗೆ ಬಂದ ಮೇಲೆ ಜನ 'ಕರ್ಜಗಿ ಮುನಾಫ' ಅಂದರು, ಅವನ ಕಾಗದಗಳಲ್ಲಿ ಅದೇ ಕೂತಿತು. ಜೈತೂನಬಿಗೆ ಯಾರೂ ಏನೂ ಅನ್ನಲಿಲ್ಲ.

"ಗಂಡನ ಹೆಸರ ಹಾಕ್ರಲ್ಲ, ಹಲಗೇರಿ ಅಂತ. ಪದ್ಧತಿ ಅದ" ಅಂದ ಮುನಾಫ.

"ಇಪ್ಪತ್ತೆರಡ ವರ್ಷ ಒಂದ ಹಿಡಿ ಅಕ್ಕಿ ತಂದ ಹಾಕಲಿಲ್ಲ ಅಂವಾ" ಅಂದಳು ಜೈತೂನಬಿ. ದನಿ ಏರಿಸಲಿಲ್ಲ. "ನನ್ನ ಹೆಸರಿನ ಬಾಜೂ ಅಂವನ್ನ ಕುಂದರಸಂಗಿಲ್ಲ."

ಅರುಣಾ ಪೆನ್ನು ಕೆಳಗಿಟ್ಟು ನಕ್ಕರು. "ಬ್ಯಾಡ ಬಿಡ್ರಿ. ಪಾಸ್‌ಪೋರ್ಟಿನ ಕಡೀ ಹಾಳ್ಯಾಗ ತಂದಿ ಹೆಸರು ನಬಿಸಾಬ ಅಂತ ಮೊದಲ ಐತಿ. ಅದನ್ನ ಅಡ್ಡಹೆಸರ ಮಾಡೋಣು. ಸಾಲಿಗೆ ಹೋಗಿದ್ರೇನು? ಅಲ್ಲಿಂದ ಒಂದ ದಾಖಲೆ ತರ್ರಿ."

ನಾಲ್ಕನೆಯ ಇಯತ್ತೆಯ ತನಕ ಕರ್ಜಗಿಯಲ್ಲಿ ಓದಿದ್ದಳು. ಮರುದಿನವೇ ಹೋದರು. ಮುಖ್ಯೋಪಾಧ್ಯಾಯರು ಕಪಾಟಿನ ತಳದಿಂದ ಗೆದ್ದಲು ತಿಂದ ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ತೆಗೆಸಿದರು. ಆಕೆ ಸೇರಿದ ವರ್ಷದ ಪುಸ್ತಕದ ಅಂಚು ಪೂರಾ ಹೋಗಿತ್ತು. ಮಾಸ್ತರರು ಪುಟ ತಿರುವುವಾಗ ಜೈತೂನಬಿ ಪುಸ್ತಕದ ಮೇಲೆ ಬಗ್ಗಿ ನಿಂತಿದ್ದಳು. ಗೆದ್ದಲು ಹೆಸರನ್ನೂ ತಿಂದಿದ್ದರೆ? ಕೊನೆಗೆ ಸಿಕ್ಕಿತು. 'ಜೈತೂನಬಿ, ತಂದೆ ನಬಿಸಾಬ ಪಿಂಜಾರ.' ಹುಟ್ಟಿದ ತಾರೀಖು ಪಾಸ್‌ಪೋರ್ಟಿನಲ್ಲಿದ್ದುದೇ ಇತ್ತು. ಗಾದಿ, ಕರ್ಜಗಿ ಸಾಲದೆಂದು ಪಿಂಜಾರ ಎನ್ನುವ ಮೂರನೆಯ ಹೆಸರನ್ನು ನೋಡಿ, ಮತ್ತೆ ತಾಳೆಯಾಗದೆ ಹೋದೀತೆಂದು ಮುನಾಫ ಬೆವರು ಒರೆಸಿಕೊಂಡ. ಅರುಣಾ ಫೋನಿನಲ್ಲಿ "ತಂದಿ ಹೆಸರು ಕೂಡಿದ್ರ ಸಾಕು, ಲಗೂ ಬರ್ರಿ" ಅಂದಾಗ ಇಬ್ಬರಿಗೂ ಜೀವ ಬಂತು.

ಅಫಿಡವಿಟ್ ಆಯಿತು. ಆಧಾರ್ ತಿದ್ದಲು ಕೊಟ್ಟರು, ಅದು ಬರಲು ಹತ್ತು ದಿನ ಹಿಡಿಯಿತು. ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕಿತ್ತು. 'ಜೈತೂನಬಿ ಎಂಬ ನಾನು ಇನ್ನು ಮುಂದೆ ಜೈತೂನಬಿ ನಬಿಸಾಬ ಎಂದು ಕರೆಯಲ್ಪಡುತ್ತೇನೆ' ಎಂದು ನಾಲ್ಕು ಸಾಲು, ಕೆಳಗೆ ಬ್ಯಾಡಗಿಯ ವಿಳಾಸ. ಅದು ಅಚ್ಚಾದ ದಿನ ಹನ್ನೊಂದು ಗಂಟೆಗೆ ಫೋನು ಬಂತು. ಅಡುಗೆಮನೆಯ ಜೊತೆಗಾತಿ ಫಕ್ಕೀರವ್ವ.

"ಏನಬೇ ಜೈತೂನಾ, ಪೇಪರಿನ್ಯಾಗ ಬಂದೀಯಂತ! ಹೆಡ್ ಮಾಸ್ತರ್ರು ಓದಿ ಹೇಳಿದ್ರು. ಎಲ್ಲಿ ಅದಿ ನೀ? ದುಬೈದಾಗೇನು, ಇಲ್ಲೇ ಏನು?"

ಜೈತೂನಬಿಗೆ ಅಳು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದಳು. ಫಕ್ಕೀರವ್ವ ಪೂರ್ತಿ ಕೇಳಿ, "ಅದಕ್ಯಾಕ ಅಡಗಿ ಕುಂತಿ? ಕಳವು ಮಾಡೀ ಏನು? ಮನಿಗೆ ಬಾ" ಅಂದಳು. ಆದರೂ ಆಕೆ ಹೋಗಲಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಯ ತಾರೀಖು ಹತ್ತಿರ ಬಂದಿತ್ತು.

ಆ ದಿನ ಹುಬ್ಬಳ್ಳಿಯಲ್ಲಿ ಮೊದಲ ಎರಡು ಕೌಂಟರುಗಳು ಸಲೀಸಾಗಿ ಮುಗಿದವು. ಮೂರನೆಯದರಲ್ಲಿ ನಡುವಯಸ್ಸಿನ ಅಧಿಕಾರಿಣಿ ಪರದೆ ನೋಡುತ್ತ ಕೇಳಿದರು.

"ಹಿಂದಿನ ಅರ್ಜಿಯಲ್ಲಿ ವಿಧವೆ ಅಂತ ಇದೆ. ಗಂಡನ ಮರಣ ಪ್ರಮಾಣಪತ್ರ ತಂದಿದ್ದೀರಾ?"

ಜೈತೂನಬಿಗೆ ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅರ್ಜಿ ತುಂಬಿದ ಬ್ಯಾಡಗಿಯ ಕಂಪ್ಯೂಟರ್ ಅಂಗಡಿಯ ಹುಡುಗಿ ಗಂಡನ ಬಗ್ಗೆ ಕೇಳಿದ್ದಳು. "ಅಂವಾ ನಮ್ಮ ಪಾಲಿಗೆ ಸತ್ತಂಗ" ಅಂದಿದ್ದಳು ತಾನು. ಹುಡುಗಿ ಅದನ್ನು ಹಾಗೆಯೇ ಅರ್ಜಿಗೆ ಇಳಿಸಿದ್ದಳು.

"ಅಂವಾ ಸತ್ತಿಲ್ರಿ" ಅಂದಳು. "ರಾಣೆಬೆನ್ನೂರಾಗ ಅದಾನ."

ಅಧಿಕಾರಿಣಿ ತಲೆಯೆತ್ತಿ ಆಕೆಯನ್ನೇ ನೋಡಿದರು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಪೊಲೀಸರನ್ನು ಕರೆಯುತ್ತಾರೆ ಎಂದೇ ಜೈತೂನಬಿ ತಿಳಿದಳು. ಅವರು ಅಂಥದೇನೂ ಮಾಡಲಿಲ್ಲ. ಹೇಗಾಯಿತೆಂದು ಕೇಳಿ ಬರೆದುಕೊಂಡರು, ಅರ್ಜಿಯನ್ನು ತಡೆಹಿಡಿದರು. ಹಿಂದಿನದು ತಪ್ಪಾಗಿ ಬಂದಿದೆ, ಗಂಡ ಬದುಕಿದ್ದಾನೆ, ಬೇರೆ ಇದ್ದೇವೆ ಎಂಬುದಕ್ಕೆ ಅಫಿಡವಿಟ್ ತನ್ನಿ ಅಂದರು. ತಿರುಗಿ ಹಾವೇರಿಗೆ ಹೋದಾಗ ಅರುಣಾ ಅದಕ್ಕೆ ಒಂದು ಮಾತು ಸೇರಿಸಿದರು. "ನೀವ ಒಬ್ಬರ ಬರದುಕೊಟ್ರ ಮತ್ತ ಪ್ರಶ್ನಿ ಬರಬಹುದು. ಅವರದೂ ಒಂದ ಸಹಿ, ಆಧಾರ್ ಪ್ರತಿ ಇದ್ರ ಗಟ್ಟಿ ಆಕ್ಕೈತಿ."

ಆ ವಾರ ತರನ್ನುಮಳ ಕಾಲುಗಳು ಬಾತುಕೊಂಡಿದ್ದವು. ಫೋನಿನಲ್ಲಿ ಫೋಟೋ ಕಳಿಸಿದ್ದಳು. ಅದನ್ನು ನೋಡಿದ ಮೇಲೆ ಜೈತೂನಬಿಗೆ ಯೋಚನೆ ಮಾಡಲು ಏನೂ ಉಳಿಯಲಿಲ್ಲ.

ಇಸಾಕಸಾಬನ ಮನೆ ರಾಣೆಬೆನ್ನೂರಿನ ಬೀಜದ ಗೋದಾಮುಗಳ ಹಿಂದಿನ ಓಣಿಯಲ್ಲಿತ್ತು. ಮುನಾಫ ಜೊತೆಗೆ ಬರುತ್ತೇನೆಂದ. ಜಗಳವಾದೀತೆಂದು ಅವನನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಒಬ್ಬಳೇ ಹೋದಳು. ಬಾಗಿಲು ತೆರೆದದ್ದು ಅವನ ಈಗಿನ ಹೆಂಡತಿ ಮಹಮೂದಾಬೇಗಂ. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ, ಆದರೂ ಗುರುತು ಹತ್ತಿತು. ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಇಸಾಕಸಾಬ ಖುರ್ಚಿಯಲ್ಲಿ ಕೂತಿದ್ದ. ಗಾಡಿ ಹೊಡೆಯುವುದು ಬಿಟ್ಟು ಎರಡು ವರ್ಷವಾಗಿತ್ತಂತೆ. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ತಲೆ ಪೂರಾ ಬೆಳ್ಳಗೆ. ಜೈತೂನಬಿ ದಾರಿಯುದ್ದಕ್ಕೂ ಹತ್ತು ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ ಮುಂದೆ ನಿಂತಾಗ ಅವನ್ನೆಲ್ಲ ಬಿಟ್ಟಳು. ಕಾಗದವನ್ನು ಮುಂದೆ ಹಿಡಿದು ನೇರವಾಗಿ ವಿಷಯ ಹೇಳಿದಳು.

ಅವನು ಕಾಗದ ಇಸಿದುಕೊಂಡ. ಆಮೇಲೆ, "ಎಷ್ಟ ವರ್ಷ ಆತು ನಾ ಸತ್ತು?" ಅಂದ.

"ಕಾಗದದಾಗ ನಾಕ ವರ್ಷ" ಅಂದಳು ಜೈತೂನಬಿ.

ಅವನು ಕಾಗದವನ್ನು ಓದಿದ. ಅಡ್ಡಹೆಸರಿನ ಜಾಗದಲ್ಲಿ ನಬಿಸಾಬ ಎಂದಿದ್ದಲ್ಲಿ ಬೆರಳು ನಿಲ್ಲಿಸಿದ. "ನಿಮ್ಮ ಅಪ್ಪನ ಹೆಸರ ಹಾಕೀದಿ. ಹಲಗೇರಿ ಅಂತ ಹಾಕಿದ್ರ ಇಷ್ಟೆಲ್ಲ ಬೇಕಿರಲಿಲ್ಲ."

ಆಕೆ ಸಹಿ ಹಾಕುವ ಜಾಗವನ್ನು ಬೆರಳಿಂದ ತೋರಿಸಿದಳು.

"ತರನ್ನುಮಂದು?"

"ಅಕೀದು ಹಲಗೇರಿ ಅಂತನ ಐತಿ. ಸಾಲ್ಯಾಗ ಹಚ್ಚುವಾಗ ಬರೆಸಿದ್ದು. ಅಕಿ ಹಂಗ ಇಟ್ಕೊಂಡಾಳ."

ಆ ಮಾತಿಗೆ ಅವನ ಮುಖದಲ್ಲಿ ಏನೋ ಸರಿದಾಡಿತು. ಸಂತೋಷವೋ ನಾಚಿಕೆಯೋ ತಿಳಿಯುವಂತಿರಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, "ಬಿಟ್ಟ ಹೋಗು, ಯಾರಿಗರೆ ತೋರಿಸಿ ನಾಳೆ ನೋಡ್ತೇನಿ" ಅಂದ.

ಇಪ್ಪತ್ತೆರಡು ವರ್ಷದ ಹಿಂದೆ ಹೋಗುವಾಗಲೂ ನಾಳೆ ಬರುತ್ತೇನೆಂದೇ ಹೋಗಿದ್ದ. ಆದರೆ ಬಾಗಿಲಿಗೆ ಆತು ನಿಂತಿದ್ದ ಮಹಮೂದಾಬೇಗಂ ಒಳಗೆ ಬಂದಳು. ಕಪಾಟಿನ ಮೇಲಿಂದ ಪೆನ್ನು ತೆಗೆದು ಅವನ ಮುಂದೆ ಹಿಡಿದಳು.

"ಸಹಿ ಹಾಕ್ರಿ. ಮಗಳ ಬಾಣಂತನಕ್ಕ ಹೊಂಟಾರ. ಅದಕ್ಯಾರನ್ನ ಕೇಳೋದೈತಿ?"

ಅವನು ಹೆಂಡತಿಯ ಮುಖ ನೋಡಿದ, ಸಹಿ ಹಾಕಿದ. ಆಧಾರ್ ಪ್ರತಿಯನ್ನು ಮಹಮೂದಾಬೇಗಂ ತಾನೇ ಒಳಗಿನಿಂದ ತಂದುಕೊಟ್ಟಳು. ಹೊರಡುವಾಗ ಇಸಾಕಸಾಬ "ಮಗಳದ ಫೋಟೋ ಐತೇನು?" ಅಂದ. ಜೈತೂನಬಿ ಫೋನು ತೆಗೆದು ಮದುವೆಯ ಫೋಟೋ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿ, "ನಮ್ಮವ್ವನ ಹಂಗ ಅದಾಳ" ಅಂದ. ಮಗಳ ನಂಬರು ಕೇಳಲಿಲ್ಲ, ಆಕೆ ಕೊಡಲೂ ಇಲ್ಲ. ಓಣಿಯ ಬಾಯಿಗೆ ಬಂದ ಮೇಲೆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಮುನಾಫ ಏನಾಯಿತೆಂದು ಕೇಳಿದ. "ಹಾಕಿದ" ಎಂದಷ್ಟೇ ಅಂದಳು.

ಕಾಗದ ಹುಬ್ಬಳ್ಳಿಗೆ ಹೋಯಿತು, ಅರ್ಜಿ ಮುಂದೆ ಸರಿಯಿತು. ಇನ್ನು ಉಳಿದದ್ದು ಪೊಲೀಸ್ ಪರಿಶೀಲನೆ. ಅದಕ್ಕೆ ಬ್ಯಾಡಗಿಯ ಮನೆಯಲ್ಲಿ ಇರಲೇಬೇಕು. ಆಕೆ ಕೊನೆಗೂ ಓಣಿಗೆ ಬಂದಳು. ಯಾರೂ ನಗಲಿಲ್ಲ. ಜಾಹೀರಾತು ಎಲ್ಲರಿಗೂ ಗೊತ್ತಿತ್ತು. ಚನ್ನೇಶ ಎಂಬ ಪೊಲೀಸ್ ಮನೆಗೆ ಬಂದು ಎರಡೂ ಹೆಸರಿನವಳು ಒಬ್ಬಳೇ ಹೌದೋ ಎಂದು ಕೇಳಿದಾಗ ಸಾಕ್ಷಿಗೆ ಐದು ಜನ ಮುಂದೆ ಬಂದರು. "ಇಬ್ಬರ ಸಾಕ್ರಿ" ಎಂದು ಅವನು ಬರೆದುಕೊಂಡು ಹೋದ.

ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಶಾಲೆಯ ಅಡುಗೆಗೆ ಹೋಗತೊಡಗಿದಳು. ಪೊಲೀಸ್ ಬಂದುಹೋದ ಆರನೆಯ ದಿನ, ಸಾಂಬಾರಿಗೆ ಬೇಳೆ ಬೇಯುತ್ತಿದ್ದಾಗ, ಅಳಿಯನ ಫೋನು ಬಂತು. ನೀರು ಪೂರ್ತಿ ಹೋಗಿದೆ, ತರನ್ನುಮಳನ್ನು ಆಪರೇಷನ್ನಿಗೆ ಒಳಗೆ ಒಯ್ದಿದ್ದಾರೆ, ದಿನ ತುಂಬಲು ಇನ್ನೂ ಐದು ವಾರ ಇತ್ತು.

ಜೈತೂನಬಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೌಟು ಹಿಡಿದಳು. ಫಕ್ಕೀರವ್ವ ಕಸಿದುಕೊಳ್ಳಲು ನೋಡಿದಳು. "ಬಿಡಬೇ, ಕೈಗೆ ಏನರೆ ಬೇಕು ನಂಗ" ಅಂದಳು. ಒಂದು ಗಂಟೆಗೆ ಗಂಟೆ ಹೊಡೆಯಿತು, ಮಕ್ಕಳು ಸಾಲು ನಿಂತರು. ಆಕೆ ಬಡಿಸಿದಳು. ಒಬ್ಬನಿಗೆ ಎರಡು ಸಲ ಅನ್ನ ಹಾಕಿದಳು, ಇನ್ನೊಬ್ಬಳಿಗೆ ಮರೆತಳು. ತಟ್ಟೆಗಳ ಸದ್ದಿನಲ್ಲಿ ಫೋನು ಕೇಳಿಸದೆ ಹೋದೀತೆಂದು ಪ್ರತಿ ಎರಡು ಸೌಟಿಗೊಮ್ಮೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಪಾತ್ರೆ ತಿಕ್ಕುವ ಹೊತ್ತಿಗೆ ಬಂತು. ಹೆಣ್ಣು ಕೂಸು, ಎರಡು ಕಿಲೋ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಾಯಿಗೆ ಎಚ್ಚರವಾಗಿದೆ. ಜೈತೂನಬಿ ಬೂದಿ ಮೆತ್ತಿದ ಕೈಯಲ್ಲೇ ನೆಲಕ್ಕೆ ಕೂತಳು.

ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದದ್ದು ಅದರ ಒಂಬತ್ತು ದಿನದ ಮೇಲೆ. ಈ ಸಲದ ವೀಸಾವನ್ನು ಅರುಣಾ ಅಕ್ಷರ ಅಕ್ಷರ ಕೂಡಿಸಿ ನೋಡಿದ ಮೇಲೆಯೇ ಟಿಕೀಟು ತೆಗೆಸಿದರು. ಬೆಂಗಳೂರಿನ ಕೌಂಟರಿನಲ್ಲಿ ಬೇರೆ ಹುಡುಗಿ ಇದ್ದಳು. ಆಕೆ ಏನೂ ಕೇಳಲಿಲ್ಲ, ನಕ್ಕು ಪಾಸು ಕೊಟ್ಟಳು. ಕೇಳದೆ ಬಿಟ್ಟದ್ದೇ ಜೈತೂನಬಿಗೆ ಹೊಸ ಅಂಜಿಕೆಯಾಯಿತು. ಏನಾದರೂ ನೋಡುವುದು ಮರೆತಿದ್ದಾಳೆ, ಅಲ್ಲಿ ಹಿಡಿಯುತ್ತಾರೆ ಎಂದುಕೊಂಡೇ ನಾಲ್ಕು ತಾಸು ವಿಮಾನದಲ್ಲಿ ಕೂತಳು. ಕೊಟ್ಟ ಊಟ ಮುಟ್ಟಲಿಲ್ಲ.

ಶಾರ್ಜಾದಲ್ಲಿ ಇಳಿದು ಸಾಲಿನಲ್ಲಿ ನಿಂತಳು. ಬಿಳಿ ನಿಲುವಂಗಿಯ ಅಧಿಕಾರಿ ಪಾಸ್‌ಪೋರ್ಟ್ ತೆರೆದು ಓದಿದ. "ಜೈತೂನಬಿ ನಬಿಸಾಬ?"

ಅಪ್ಪ ತೀರಿ ಮೂವತ್ತು ವರ್ಷದ ಮೇಲಾಗಿತ್ತು. ಗೊತ್ತಿಲ್ಲದ ದೇಶದವನ ಬಾಯಲ್ಲಿ ಆ ಹೆಸರು ಕೇಳಿ ಹೂಂ ಅನ್ನಲು ಆಕೆಗೆ ತಡವಾಯಿತು. ಅವನು ಇನ್ನೊಮ್ಮೆ ಕೇಳಿದ. ತಲೆಯಾಡಿಸಿದಳು. ಕ್ಯಾಮರಾದ ಕಡೆ ನೋಡಲು ಕೈಸನ್ನೆ ಮಾಡಿ, ಮುದ್ರೆ ಒತ್ತಿ, ಪಾಸ್‌ಪೋರ್ಟ್ ಈಚೆ ನೂಕಿದ. ಅಷ್ಟೇ. ಇದೇನಾ, ಮುಗಿಯಿತಾ ಎಂದು ಆಕೆ ಅಲ್ಲೇ ನಿಂತಿದ್ದಳು. ಹಿಂದಿದ್ದ ಹೆಂಗಸು ಹೋಗಿ ಎಂದು ಬೆನ್ನು ತಟ್ಟಬೇಕಾಯಿತು.

ಅಳಿಯ ಮನೆಗೆ ಕರೆದೊಯ್ದ. ಏಳನೆಯ ಮಹಡಿ, ಎರಡು ಕೋಣೆ. ಕೂಸು ಆಸ್ಪತ್ರೆಯಿಂದ ಬಂದು ಮೂರು ದಿನವಾಗಿತ್ತು. ತರನ್ನುಮ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಚಿ, ತಲೆ ಜಡೆಗಟ್ಟಿತ್ತು. ತಾಯಿಯನ್ನು ನೋಡಿ ಮೊದಲು ಸಿಟ್ಟು ಬಂತು.

"ಎಷ್ಟ ತಡಾ ಮಾಡಿದಿ ಅಮ್ಮಾ. ಎಷ್ಟ ಕರೆದೆ ನಿನ್ನ."

"ತಡಾ ಆತವ್ವಾ" ಅಂದಳು ಜೈತೂನಬಿ.

ಯಾಕೆಂದು ವಿವರಿಸಲು ಹೋಗಲಿಲ್ಲ. ಚೀಲ ಅಲ್ಲೇ ಇಟ್ಟು, ಕೈ ಕಾಲು ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡಳು. ಹೂವಿನಷ್ಟು ಹಗುರ. ಅಳಿಯನಿಗೆ ನೀರು ಕಾಯಿಸಲು ಹೇಳಿ, ಕೂಸನ್ನು ಮಗಳ ಮಡಿಲಿಗೆ ಹಾಕಿ, ಅವಳನ್ನು ತುಸು ಮುಂದೆ ಸರಿಸಿ ಬೆನ್ನ ಹಿಂದೆ ಕೂತು ಗಂಟುಗಂಟಾದ ಕೂದಲನ್ನು ತುದಿಯಿಂದ ಬಿಡಿಸತೊಡಗಿದಳು.